ಎಂಜಿನ್ ನಿಂತ ಮೇಲೆ: ಫಾಲ್ಕನ್ ಬಿಎಂಎಸ್, ಡಿಸಿಎಸ್ ಮತ್ತು ಒಂದು ಅಗ್ಗದ ಜಾಯ್‌ಸ್ಟಿಕ್

ಯುದ್ಧವಿಮಾನದ ಸಿಮ್ಯುಲೇಟರ್‌ನಲ್ಲಿ ತುರ್ತು ಕ್ರಮಗಳನ್ನು ಕಲಿಯಲು ಯಾವುದು ಒಳ್ಳೆಯದು ಎಂದು ಯಾರು ಕೇಳಿದರೂ ಎಫ್-16 ಹಾರಿಸುವ ಸಿಮ್ಯುಲೇಟರ್ ಆದ ಫಾಲ್ಕನ್ ಬಿಎಂಎಸ್ ಎಂದೇ ಹೇಳುತ್ತೇನೆ. ಡಿಸಿಎಸ್ ಎಂಬ ಇನ್ನೊಂದು ಸಿಮ್ಯುಲೇಟರ್‌ನಲ್ಲಿ ಎರಡು ಎಂಜಿನ್‌ಗಳ ಎ-10ಸಿ, ಎಫ್-16 ಎರಡನ್ನೂ ಹಾರಿಸಿ ನೋಡಿದ್ದೇನೆ. ಐಎಲ್-2 ಎಂಬ ಸಿಮ್ಯುಲೇಟರ್ ಕೂಡ ನನ್ನ ಕಂಪ್ಯೂಟರ್‌ನಲ್ಲಿದೆ. ದೃಶ್ಯದ ಅಂದ, ಆಯುಧಗಳ ವೈವಿಧ್ಯ ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಆಕಾಶದಲ್ಲಿ ಎಂಜಿನ್ ನಿಂತುಹೋದ ಮೇಲಿನ ಕೆಲವೇ ನಿಮಿಷಗಳ ಬಗ್ಗೆ.

ಬಿಎಂಎಸ್ ಉಚಿತ. ಆದರೆ ಅದು ನಿಂತಿರುವುದು 1998ರಲ್ಲಿ ಬಿಡುಗಡೆಯಾದ ಫಾಲ್ಕನ್ 4.0 ಎಂಬ ಆಟದ ಮೇಲೆ, ಆ ಹಳೆಯ ಆಟ ನಿಮ್ಮ ಬಳಿ ಇರಲೇಬೇಕು. ಅದು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆ ಹಣಕ್ಕೆ ನನಗೆ ದಕ್ಕಿದ್ದು ಒಂದು ವಿಮಾನ ಮತ್ತು ಒಂದು ಗ್ರಂಥಾಲಯ. ವಾಯುಪಡೆಯ ಕೈಪಿಡಿಗಳ ಮಾದರಿಯಲ್ಲೇ ಬರೆದ ಹಾರಾಟದ ಪುಸ್ತಕ, ತುರ್ತು ಪರಿಸ್ಥಿತಿಗಳ ಚೆಕ್‌ಲಿಸ್ಟ್, ಪಾಠಕ್ಕೆಂದೇ ಸಿದ್ಧಪಡಿಸಿದ ತರಬೇತಿ ಹಾರಾಟಗಳು ಎಲ್ಲವೂ ಜೊತೆಗೇ ಬರುತ್ತವೆ. ಎಂಜಿನ್ ಇಲ್ಲದೆ ಇಳಿಯುವ ಪಾಠಕ್ಕೆ ಅದರಲ್ಲಿ ಪ್ರತ್ಯೇಕ ಹಾರಾಟವೇ ಇದೆ.

ಎಫ್-16ಕ್ಕೆ ಇರುವುದು ಒಂದೇ ಎಂಜಿನ್. ಅದು ನಿಂತರೆ ವಿದ್ಯುತ್ತೂ ಹೋಗುತ್ತದೆ, ಹೈಡ್ರಾಲಿಕ್ ಒತ್ತಡವೂ ಹೋಗುತ್ತದೆ. ವಿಮಾನವನ್ನು ನಿಯಂತ್ರಿಸುವುದು ಗಣಕ. ರೆಕ್ಕೆ, ಬಾಲಗಳ ಮೇಲ್ಮೈಗಳನ್ನು ಅಲುಗಿಸುವುದು ಹೈಡ್ರಾಲಿಕ್. ಎರಡೂ ಕೈಕೊಟ್ಟರೆ ಪೈಲಟ್‌ನ ಹಿಡಿತ ತಪ್ಪುತ್ತದೆ. ಅದಕ್ಕಾಗಿಯೇ ಇವೆರಡನ್ನೂ ಒದಗಿಸುವ ಇಪಿಯು ಎಂಬ ತುರ್ತು ಶಕ್ತಿ ಘಟಕವಿದೆ. ಎಂಜಿನ್‌ನಿಂದ ಸಾಕಷ್ಟು ಗಾಳಿ ಸಿಗದಿದ್ದಾಗ ಅದು ಹೈಡ್ರಜೀನ್ ಎಂಬ ವಿಷಕಾರಿ ಇಂಧನದಿಂದ ಓಡುತ್ತದೆ, ಸಾಮಾನ್ಯ ಹೊರೆಯಲ್ಲಿ ಸುಮಾರು 10 ನಿಮಿಷ. ಪೈಲಟ್‌ನ ಎಲ್ಲ ಲೆಕ್ಕಾಚಾರವೂ ಆ 10 ನಿಮಿಷದೊಳಗೆ ಮುಗಿಯಬೇಕು.

ಎಂಜಿನ್ ಮತ್ತೆ ಹೊತ್ತಿಸುವ ಕ್ರಮ ಹೀಗೆ. ಥ್ರಾಟಲ್ (ಎಂಜಿನ್‌ನ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಹಿಡಿ) ಆಫ್. ಇಪಿಯು ಆನ್. 20,000 ಅಡಿಗಿಂತ ಕೆಳಗೆ, 400 ನಾಟ್‌ಗಿಂತ ಕಡಿಮೆ ವೇಗದಲ್ಲಿದ್ದರೆ ಜೆಎಫ್‌ಎಸ್ (ಎಂಜಿನ್ ತಿರುಗಿಸಿಕೊಡುವ ಸ್ಟಾರ್ಟರ್) ಸ್ವಿಚ್ ಸ್ಟಾರ್ಟ್ 2ಕ್ಕೆ. ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, 50 ಮತ್ತು 25 ಪ್ರತಿಶತದ ನಡುವೆ ಇರುವಾಗ ಥ್ರಾಟಲ್ ಐಡಲ್‌ಗೆ, ಅಂದರೆ ಎಂಜಿನ್ ಮೆಲ್ಲಗೆ ಓಡುವ ಕನಿಷ್ಠ ಹಂತಕ್ಕೆ. ಕಾಗದದ ಮೇಲೆ ನಾಲ್ಕು ಸಾಲು. ಆದರೆ ಈ ಸಾಲುಗಳ ಹಿಂದೆ ಏನಿದೆ ಎಂದು ಕೈಪಿಡಿಯಲ್ಲಿ ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಜೆಎಫ್‌ಎಸ್ ಒಂದು ಚಿಕ್ಕ ಟರ್ಬೈನ್. ಅದನ್ನು ತಿರುಗಿಸುವುದು ಒತ್ತಡ ತುಂಬಿಟ್ಟ ಎರಡು ಅಕ್ಯುಮುಲೇಟರ್‌ಗಳು. ಸ್ಟಾರ್ಟ್ 1 ಒಂದನ್ನು ಖಾಲಿ ಮಾಡುತ್ತದೆ, ಸ್ಟಾರ್ಟ್ 2 ಎರಡನ್ನೂ. ಇಳಿದ ಮೇಲೆ ಹೈಡ್ರಾಲಿಕ್ ಇಲ್ಲದಿದ್ದರೆ ಬ್ರೇಕ್‌ಗೂ ಅದೇ ಅಕ್ಯುಮುಲೇಟರ್‌ಗಳೇ ಆಧಾರ. ಆಗ ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಬಿಡದೆ ಒಂದೇ ಬಾರಿ ಒತ್ತಿ ಹಿಡಿಯಬೇಕು. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಪ್ರೆಸ್‌ಗಳ ದುರಸ್ತಿ ನನ್ನ ಕೆಲಸ. ಪಂಪ್ ನಿಂತ ಮೇಲೆ ಅಕ್ಯುಮುಲೇಟರ್‌ನಲ್ಲಿ ಉಳಿದ ಒತ್ತಡವನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬ ಪ್ರಶ್ನೆ ನನಗೆ ಹೊಸದಲ್ಲ. ಅದೇ ಪ್ರಶ್ನೆ ಗಾಳಿಯಲ್ಲಿ, ನೆಲ ಮೇಲೇರಿ ಬರುತ್ತಿರುವಾಗ ಎದುರಾಗುವುದು ಬೇರೆಯೇ ಅನುಭವ.

ಎಂಜಿನ್ ಹೊತ್ತಲಿಲ್ಲ ಎಂದರೆ ಉಳಿಯುವುದು ತೇಲಿಕೊಂಡು ಇಳಿಯುವುದು. ಸುಮಾರು 210 ನಾಟ್ ವೇಗ ಹಿಡಿದರೆ ಪ್ರತಿ 5,000 ಅಡಿಗೆ 7 ನಾಟಿಕಲ್ ಮೈಲಿಯಷ್ಟು ದೂರ ಸಿಗುತ್ತದೆ. ರನ್‌ವೇಯ ನೆತ್ತಿಯ ಮೇಲೆ 7,000ದಿಂದ 10,000 ಅಡಿ ಎತ್ತರದಲ್ಲಿ ಬರುವುದು ಹೈ ಕೀ. ಅಲ್ಲಿಂದ ಅರ್ಧ ಸುತ್ತು ತಿರುಗಿ 3,000ದಿಂದ 5,000 ಅಡಿಯಲ್ಲಿ ರನ್‌ವೇಗೆ ಸಮಾನಾಂತರವಾಗಿ ಬರುವುದು ಲೋ ಕೀ. ಈ ಎರಡು ಬಿಂದುಗಳು ತಪ್ಪಿದರೆ ಇಳಿಯುವ ಆಸೆ ಬಿಟ್ಟು 2,000 ಅಡಿಗಿಂತ ಮೇಲಿರುವಾಗಲೇ ಆಸನ ಸಮೇತ ಹೊರಚಿಮ್ಮಬೇಕು. ಕೊರಿಯಾದ ಕುನ್ಸಾನ್ ನೆಲೆಯ ಮೇಲೆ ಇದನ್ನು ಅಭ್ಯಾಸ ಮಾಡುತ್ತ ಮಾಡುತ್ತ ನನ್ನ ಕಣ್ಣು ಬದಲಾಗಿದೆ. ಈಗ ಎಲ್ಲಿ ಹಾರುತ್ತಿದ್ದರೂ ಹತ್ತಿರದ ರನ್‌ವೇ ಯಾವ ದಿಕ್ಕಿಗಿದೆ, ಎಷ್ಟು ದೂರವಿದೆ ಎಂಬುದು ಮನಸ್ಸಿನ ಒಂದು ಮೂಲೆಯಲ್ಲಿ ಓಡುತ್ತಲೇ ಇರುತ್ತದೆ.

ಡಿಸಿಎಸ್‌ನ ಎ-10ಸಿ ಕಲಿಸುವುದು ಬೇರೆ ಗುಣವನ್ನು: ಅವಸರ ಮಾಡದಿರುವುದನ್ನು. ಎಡ ಎಂಜಿನ್‌ಗೆ ಬೆಂಕಿ ಬಿದ್ದರೆ ಕಾಕ್‌ಪಿಟ್‌ನಲ್ಲಿ ಅದರ ಬೆಂಕಿ ನಂದಿಸುವ ಹಿಡಿ ಕೆಂಪಾಗಿ ಬೆಳಗುತ್ತದೆ. ಯಾವ ಹಿಡಿ ಎಂದು ಖಚಿತಪಡಿಸಿಕೊಂಡು, ಆ ಬದಿಯ ಥ್ರಾಟಲ್ ಹಿಂದಕ್ಕೆ ಎಳೆದು, ಹಿಡಿ ಎಳೆದು, ನಂದಿಸುವ ಅನಿಲ ಬಿಡಬೇಕು. ಎರಡನೆಯ ಎಂಜಿನ್ ದುಡಿಯುತ್ತಿರುವುದರಿಂದ ಚೆಕ್‌ಲಿಸ್ಟ್ ತೆರೆದು ಓದಲು ಸಮಯ ಸಿಗುತ್ತದೆ. ಎರಡೂ ಹೈಡ್ರಾಲಿಕ್ ವ್ಯವಸ್ಥೆಗಳು ಹೋದರೂ ಕೇಬಲ್‌ಗಳ ಮೂಲಕ ಹಾರಿಸುವ ವ್ಯವಸ್ಥೆ ಅದರಲ್ಲಿದೆ. ಗಟ್ಟಿ ವಿಮಾನ.

ಡಿಸಿಎಸ್‌ನ ದೊಡ್ಡ ಬಲ ಹಾರಾಟಗಳನ್ನು ನಾವೇ ರಚಿಸಿಕೊಳ್ಳುವ ಅದರ ಮಿಷನ್ ಎಡಿಟರ್. ಯಾವ ಭಾಗ ಕೆಡಬೇಕು, ಎಷ್ಟು ಹೊತ್ತಿನ ನಂತರ, ಎಷ್ಟು ನಿಮಿಷಗಳ ಅವಧಿಯೊಳಗೆ, ಶೇಕಡಾ ಎಷ್ಟು ಸಂಭವನೀಯತೆಯೊಂದಿಗೆ ಎಂದು ಅಲ್ಲಿ ಬರೆದಿಡಬಹುದು. ಆದರೆ ಆ ಪಟ್ಟಿಯನ್ನು ನೀವೇ ತುಂಬಿದರೆ ಪ್ರಯೋಜನ ಅರ್ಧಕ್ಕರ್ಧ. ಏನು ಬರಲಿದೆ ಎಂದು ಗೊತ್ತಿದ್ದ ಕೈ ಮೊದಲೇ ಸ್ವಿಚ್‌ನ ಹತ್ತಿರ ಹೋಗಿರುತ್ತದೆ. ಬೇರೆಯವರ ಕೈಯಲ್ಲಿ ತುಂಬಿಸಿ. ಬೆಲೆ ಮಾತ್ರ ನನ್ನಂಥವರಿಗೆ ಭಾರ: ಒಂದೊಂದು ವಿಮಾನಕ್ಕೂ ಸಾವಿರಗಳ ಲೆಕ್ಕ. ಡಿಸ್ಕ್‌ನಲ್ಲಿ ಬೇಡುವ ಜಾಗವೂ ಬಹಳ.

ನನಗೆ ಪಾಠ ಹೇಳುವವರು ನೆರೆಮನೆಯ ಕಾಕಾ. ವಾಯುಪಡೆಯಲ್ಲಿ ತಂತ್ರಜ್ಞರಾಗಿದ್ದು ನಿವೃತ್ತರಾದವರು. ತರಬೇತಿ ಪಡೆದದ್ದು ಇಲ್ಲೇ ಸಾಂಬ್ರಾದಲ್ಲಿ. ಬಿಎಂಎಸ್‌ನ ತುರ್ತು ಹಾಳೆಗಳನ್ನು ಖಡೇ ಬಜಾರ್‌ನಲ್ಲಿ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ ಅವರ ಕೈಗೆ ಕೊಟ್ಟಿದ್ದೇನೆ. ಅವರು ಒಂದು ಸಾಲು ಓದುತ್ತಾರೆ, ನಾನು ಮಾಡಿ, ಮಾಡಿದ್ದನ್ನು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಮುಂದಿನ ಸಾಲು. ಒಮ್ಮೆ ನಾನಾಗಿಯೇ ಮುಂದಿನ ಸಾಲಿಗೆ ಕೈ ಹಾಕಿದಾಗ ಅವರು ಪುಸ್ತಕ ಮುಚ್ಚಿದರು. "ತಮ್ಮಾ, ಮೊದಲು ವಿಮಾನ ಹಾರಿಸು. ಮೂಗು ಎಲ್ಲಿದೆ ನೋಡು. ಸ್ವಿಚ್ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು. ವೇಗ ಅಷ್ಟರಲ್ಲಿ 180ಕ್ಕೆ ಇಳಿದಿತ್ತು.

2023ರ ಮೇ 30ರಂದು ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿ ಉಳಿದರು. ನಮ್ಮ ಊರಿನ ಹೊಲದಲ್ಲೇ ಇಂಥದ್ದು ನಡೆದ ಮೇಲೆ ಈ ಅಭ್ಯಾಸವನ್ನು ಬರೀ ಆಟವೆಂದು ನೋಡಲು ನನ್ನಿಂದ ಆಗುವುದಿಲ್ಲ.

ಈಗ ನನ್ನ ತಾಳ್ಮೆ ಕೆಡಿಸಿದ ಸಂಗತಿಗೆ ಬರುತ್ತೇನೆ. ಅದು ಸಿಮ್ಯುಲೇಟರ್‌ನದ್ದಲ್ಲ, ಜಾಯ್‌ಸ್ಟಿಕ್‌ನದ್ದು. ಆನ್‌ಲೈನ್‌ನಲ್ಲಿ ಕೊಂಡ ಅಗ್ಗದ ಜಾಯ್‌ಸ್ಟಿಕ್ ಅದು. ಪ್ರತ್ಯೇಕ ಥ್ರಾಟಲ್ ಇಲ್ಲ, ಬುಡದಲ್ಲಿ ಒಂದು ಸಣ್ಣ ಸ್ಲೈಡರ್ ಮಾತ್ರ. ನಿಜವಾದ ಎಫ್-16ರ ಥ್ರಾಟಲ್‌ಗೆ ಐಡಲ್‌ನಲ್ಲಿ ಒಂದು ತಡೆ ಇರುತ್ತದೆ. ಅದನ್ನು ಬೇಕೆಂದೇ ದಾಟಿಸದೆ ಆಫ್‌ಗೆ ಹೋಗುವುದಿಲ್ಲ. ಬಿಎಂಎಸ್ ಈ ತಡೆಯನ್ನೂ ಗೌರವಿಸುತ್ತದೆ. ಸೆಟಪ್‌ನಲ್ಲಿ ಸ್ಲೈಡರ್‌ನ ಹಾದಿಯ ಮೇಲೆ ಐಡಲ್ ಎಲ್ಲಿ ಎಂದು ಗುರುತು ಹಾಕಬಹುದು, ಅದರ ಕೆಳಗೆ ಎಳೆದರೆ ಎಂಜಿನ್ ಬಂದ್.

ನನ್ನ ಸ್ಲೈಡರ್‌ನಲ್ಲಿ ಆ ತಡೆ ಇಲ್ಲ. ಮೇಲಾಗಿ ಸ್ಲೈಡರ್ ಎಲ್ಲಿದೆ ಎಂದು ಅಳೆಯುವ ಒಳಗಿನ ಪೊಟೆನ್ಶಿಯೊಮೀಟರ್ ಕೆಲವೇ ತಿಂಗಳಲ್ಲಿ ಸವೆದು, ಕೈ ತಾಗದಿದ್ದರೂ ಅದರ ಓದು ಮೇಲೆ ಕೆಳಗೆ ನಡುಗತೊಡಗಿತು. ಪರಿಣಾಮವೇನೆಂದರೆ, ಎಲ್ಲ ಸರಿಯಾಗಿ ಮಾಡಿ, ರನ್‌ವೇಯ ಹೊಸ್ತಿಲ ಮೇಲೆ ಬಂದು ಥ್ರಾಟಲ್ ಐಡಲ್‌ಗೆ ಎಳೆದ ಕ್ಷಣದಲ್ಲಿ ಎಂಜಿನ್ ತಾನೇ ಆರಿಬಿಡುತ್ತಿತ್ತು. ಮತ್ತೆ ಹೊತ್ತಿಸುವ ಅಭ್ಯಾಸದಲ್ಲಿ ಇದರ ತಿರುಗುಮುರುಗು: ಆಫ್‌ಗೆ ಎಳೆದಿಟ್ಟ ಸ್ಲೈಡರ್ ನಡುಗಿ ಐಡಲ್ ದಾಟಿ, ಆರ್‌ಪಿಎಂ ಇನ್ನೂ ಸರಿಯಾಗದಿರುವಾಗಲೇ ಇಂಧನ ಬಿಡುತ್ತಿತ್ತು. ಪೈಲಟ್‌ನ ತಪ್ಪು ಯಾವುದು, ಉಪಕರಣದ ತಪ್ಪು ಯಾವುದು ಎಂದು ಬೇರ್ಪಡಿಸಲಾಗದಿದ್ದರೆ ತುರ್ತು ಕ್ರಮದ ಅಭ್ಯಾಸಕ್ಕೆ ಅರ್ಥವೇ ಇಲ್ಲ. ಮಾರಿದವರು ವಾಪಸಾತಿಯ ಗಡುವು ಮುಗಿದಿದೆ ಎಂದು ಕೈತೊಳೆದುಕೊಂಡರು.

ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದೆ. ಕೆಲವು ದಿನ ಸುಮ್ಮನಿದ್ದು ನಡುಕ ಮರಳಿತು. ಕೊನೆಗೆ ಸೆಟಪ್‌ನಲ್ಲಿನ ಐಡಲ್ ಗುರುತನ್ನೇ ತೆಗೆದುಹಾಕಿ, ಆಫ್ ಮತ್ತು ಐಡಲ್ ನಡುವಿನ ದಾಟುವಿಕೆಯನ್ನು ಜಾಯ್‌ಸ್ಟಿಕ್ ಬುಡದ ಒಂದು ಗುಂಡಿಗೆ ಒಪ್ಪಿಸಿದೆ. ಬಿಎಂಎಸ್‌ನಲ್ಲಿ ಐಡಲ್ ತಡೆಗೆ ಪ್ರತ್ಯೇಕ ಆಜ್ಞೆಯೇ ಇದೆ. ಆ ಗುಂಡಿಯ ಸುತ್ತ ನೈಲಾನ್ ತುಂಡೊಂದನ್ನು ಕೊರೆದು ಉಂಗುರದಂತೆ ಅಂಟಿಸಿದ್ದೇನೆ. ಬೆರಳು ಬೇಕೆಂದೇ ಒಳಗೆ ಹೋದರೆ ಮಾತ್ರ ಒತ್ತುತ್ತದೆ. ಅಂದಿನಿಂದ ಎಂಜಿನ್ ನನ್ನ ಇಚ್ಛೆಯಿಲ್ಲದೆ ಆರಿಲ್ಲ. ಒಂದು ಮಾತು ಡಿಸಿಎಸ್‌ನ ಪರವಾಗಿ ಹೇಳಲೇಬೇಕು: ಅಲ್ಲಿ ಆಫ್ ಮತ್ತು ಐಡಲ್‌ಗೆ ಮೊದಲಿನಿಂದಲೂ ಬೇರೆ ಕೀಲಿಗಳಿವೆ, ಅಗ್ಗದ ಸ್ಲೈಡರ್ ಇಟ್ಟುಕೊಂಡವರಿಗೆ ಈ ತೊಂದರೆ ಬರುವುದಿಲ್ಲ.

ಐಎಲ್-2 ಎರಡನೆಯ ಮಹಾಯುದ್ಧದ ವಿಮಾನಗಳಿಗೆ ಚೆನ್ನ, ಆದರೆ ಕಾಕ್‌ಪಿಟ್‌ನ ಸ್ವಿಚ್‌ಗಳನ್ನು ಮೌಸ್‌ನಿಂದ ಒತ್ತಲಾಗುವುದಿಲ್ಲ. ಚೆಕ್‌ಲಿಸ್ಟ್ ಕಲಿಯುವವರಿಗೆ ಅದು ಸಾಲದು.

ನನಗೆ ಸಿಗುವುದು ರಾತ್ರಿ ಪಾಳಿ ಇಲ್ಲದ ದಿನಗಳ ಮುಕ್ಕಾಲು ಗಂಟೆ. ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲದ್ದರಿಂದ ಅಷ್ಟೂ ಇಲ್ಲ. ಆ ಸಮಯದಲ್ಲಿ ಒಂದು ತುರ್ತು ಕ್ರಮವನ್ನು ಆರಂಭದಿಂದ ಚಕ್ರ ನೆಲಕ್ಕೆ ತಾಗುವವರೆಗೆ ಮಾಡಬಹುದು. ಅದಕ್ಕೆ ಬಿಎಂಎಸ್ ಸಾಕು, ಕಾಕಾರ ಸ್ಪೈರಲ್ ಪುಸ್ತಕ ಸಾಕು. ಸ್ನೇಹಿತರು ಜೊತೆಗಿದ್ದು, ಕೈಯಲ್ಲಿ ಹಣವೂ ಇದ್ದರೆ ಎ-10ಸಿ ಕೊಳ್ಳಿ, ಕೆಡುವ ಭಾಗಗಳ ಪಟ್ಟಿಯನ್ನು ಅವರಿಂದ ತುಂಬಿಸಿ. ಕೊಳ್ಳುವ ಮುನ್ನ ಡಿಸಿಎಸ್ ಕೊಡುವ 14 ದಿನಗಳ ಉಚಿತ ಪರೀಕ್ಷೆಯನ್ನು ಬಳಸಿಕೊಳ್ಳಿ. ಜಾಯ್‌ಸ್ಟಿಕ್ ಕೊಳ್ಳುವಾಗ ಥ್ರಾಟಲ್ ಪ್ರತ್ಯೇಕವಾಗಿರುವುದನ್ನೇ ಆರಿಸಿ. ಅದರ ಐಡಲ್‌ನಲ್ಲಿ ತಡೆ ಇದೆಯೇ ಎಂದು ಮಾರುವವರನ್ನು ಕೇಳಿ ತಿಳಿದುಕೊಂಡ ಮೇಲೆಯೇ ಹಣ ಕೊಡಿ.