ಯೂಕಾನ್‌ನಲ್ಲಿ ಟೆಂಟ್ ಹಾಕೋದೆಲ್ಲಿ: ಕ್ಲುವಾನಿಯೋ, ಟೂಂಬ್‌ಸ್ಟೋನೋ?

ಕೆನಡಾದ ಯೂಕಾನ್‌ಗೆ ಹೊರಟಿದ್ದೀರಿ, ರಜೆ ಕಡಿಮೆ, ಒಂದೇ ಪಾರ್ಕ್ ನೋಡಲು ಸಾಧ್ಯ ಅಂದರೆ ಮೊದಲು ರಸ್ತೆಯನ್ನು ಯೋಚಿಸಿ.

ಕ್ಲುವಾನಿ ಸುಲಭ. ಯೂಕಾನ್‌ನ ರಾಜಧಾನಿ ವೈಟ್‌ಹಾರ್ಸ್‌ನಿಂದ ಕ್ಯಾಥ್ಲೀನ್ ಲೇಕ್ ಕ್ಯಾಂಪ್‌ಗ್ರೌಂಡ್‌ಗೆ ಸುಮಾರು ಎರಡು ಗಂಟೆ, ಡಾಂಬರು ರಸ್ತೆ. ಟೆಂಟ್ ಇಲ್ಲದವರಿಗೆ ಮಂಚ ಹಾಕಿದ ಗುಡಾರಗಳೂ ಬಾಡಿಗೆಗೆ ಸಿಗುತ್ತವೆ. ಚಿಕ್ಕ ಮಕ್ಕಳಿದ್ದರೆ ಇದೇ ಸರಿ. ಕೆನಡಾದ ಅತಿ ಎತ್ತರದ ಲೋಗನ್ ಪರ್ವತ (5,959 ಮೀಟರ್) ಇದೇ ಪಾರ್ಕಿನಲ್ಲಿದೆ, ಆದರೆ ಕ್ಯಾಂಪ್‌ನಿಂದ ಕಾಣುವುದಿಲ್ಲ.

ಟೂಂಬ್‌ಸ್ಟೋನ್ ಬೇರೆಯೇ ಲೋಕ. ಡಾಸನ್ ಸಿಟಿ ಅನ್ನೋ ಊರಿನಿಂದ ಸುಮಾರು 40 ಕಿ.ಮೀ. ಈಚೆಗೆ, ವೈಟ್‌ಹಾರ್ಸ್ ಕಡೆಯ ದಾರಿಯಲ್ಲಿ, ಡೆಂಪ್‌ಸ್ಟರ್ ಹೆದ್ದಾರಿ ಹಿಡಿದರೆ ಜಲ್ಲಿ ರಸ್ತೆ ಶುರು, ಎದುರಿಗೆ ಲಾರಿ ಬಂದರೆ ಗಾಜಿಗೆ ಕಲ್ಲು ಟಕ್ ಅಂತ ಬಡಿಯುತ್ತದೆ, ಹಾಗಾಗಿ ನಿಧಾನವಾಗಿ ಹೋಗಿ. ಕ್ಯಾಂಪ್‌ಗ್ರೌಂಡ್ ಈ ಹೆದ್ದಾರಿಯ 71ನೇ ಕಿಲೋಮೀಟರಿನ ಹತ್ತಿರ. ಡಾಸನ್ನಿನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ, ಮುಂದೆ ಹೋದರೆ 369ನೇ ಕಿಲೋಮೀಟರಿನ ಈಗಲ್ ಪ್ಲೇನ್ಸ್‌ವರೆಗೆ ಪೆಟ್ರೋಲ್ ಇಲ್ಲ. ಆದರೆ ಆಗಸ್ಟ್ ಕೊನೆಯಲ್ಲಿ ಮೊಣಕಾಲೆತ್ತರದ ಬರ್ಚ್ ಪೊದೆಗಳು ಕುಂಕುಮದಂತೆ ಕೆಂಪಾಗಿ, ಅದರ ಹಿಂದೆ ಕಪ್ಪು ಕಲ್ಲಿನ ಚೂಪು ಶಿಖರಗಳು! ಅದಕ್ಕಾಗಿ ಎಷ್ಟು ಧೂಳು ಕುಡಿದರೂ ಪರವಾಗಿಲ್ಲ. ಗ್ರಿಜ್ಲಿ ಲೇಕ್‌ಗೆ ಒಂದು ಕಡೆಗೇ 11 ಕಿ.ಮೀ. ನಡಿಗೆ. ಅಲ್ಲಿ ತಂಗಲು ಮೊದಲೇ ಬುಕ್ ಮಾಡಬೇಕು, ಊಟವನ್ನು ಕರಡಿ ತೆರೆಯಲಾಗದ ಡಬ್ಬಿಯಲ್ಲಿ ಇಡಬೇಕು.

ನಾಲ್ಕು ದಿನಕ್ಕಿಂತ ಕಡಿಮೆ ಇದ್ದರೆ ಕ್ಲುವಾನಿ. ವಾರ ಇದೆ, ಕಾಲಲ್ಲಿ ಶಕ್ತಿ ಇದೆ ಅಂದರೆ ಕಣ್ಣು ಮುಚ್ಚಿ ಟೂಂಬ್‌ಸ್ಟೋನ್‌ಗೆ ಹೋಗಿ. ಸ್ಪೇರ್ ಟೈರಿಗೆ ಗಾಳಿ ಇದೆಯಾ ಅಂತ ಮಾತ್ರ ಹೊರಡುವ ಮೊದಲೇ ನೋಡಿಬಿಡಿ.