ರೆಪ್ಪೆ ಅಂಟಿಕೊಂಡ ಮಗುವಿಗೆ ತುರ್ತು ವಿಭಾಗದಲ್ಲಿ ದೊರೆತ ಚಿಕಿತ್ಸೆ

ಮುರಿದ ಆಟಿಕೆಯನ್ನು ಜೋಡಿಸಲೆಂದು ತೆರೆದಿಟ್ಟಿದ್ದ ಸೂಪರ್ ಗ್ಲೂ ಟ್ಯೂಬನ್ನು ನಮ್ಮ ನಾಲ್ಕು ವರ್ಷದ ಮಗಳು ಹಿಸುಕಿದಾಗ ಹನಿಯೊಂದು ಅವಳ ಬಲಗಣ್ಣಿಗೆ ಸಿಡಿಯಿತು. ನಾನು ಓಡಿ ಬರುವಷ್ಟರಲ್ಲಿ ರೆಪ್ಪೆಗಳೆರಡೂ ಕೂಡಿಕೊಂಡಿದ್ದವು. ಸಯನೋಆಕ್ರಿಲೇಟ್ ಎಂಬ ಈ ಅಂಟು ಗಟ್ಟಿಯಾಗುವುದೇ ತೇವ ತಗುಲಿದಾಗ, ಆದ್ದರಿಂದ ಕಣ್ಣಿನಲ್ಲಿ ಅದು ಕ್ಷಣಮಾತ್ರದಲ್ಲಿ ಹಿಡಿದುಬಿಡುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕಣ್ಣು ತೊಳೆದು, ಅವಳು ಉಜ್ಜಿಕೊಳ್ಳದಂತೆ ಕೈಗಳನ್ನು ಹಿಡಿದುಕೊಂಡೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದೆವು.

ನೋಂದಣಿ ಮಾಡುವವರು ನಮ್ಮನ್ನು ಅರ್ಧ ಗಂಟೆ ಕಾಯಿಸಿದರು. ಕಣ್ಣಿಗೆ ರಾಸಾಯನಿಕ ಬಿದ್ದ ಮಗುವನ್ನು ಸಾಲಿನಲ್ಲಿ ಕೂರಿಸುವುದು ತಪ್ಪು; ಒದ್ದೆ ಬಟ್ಟೆಯ ಒಂದು ತುಂಡನ್ನೂ ಅಲ್ಲಿ ಯಾರೂ ಕೊಡಲಿಲ್ಲ.

ಒಳಗೆ ಹೋದ ಮೇಲೆ ಸಿಕ್ಕ ಆರೈಕೆ ಮಾತ್ರ ಬೇರೆಯೇ ಆಗಿತ್ತು. ರೆಪ್ಪೆಗಳನ್ನು ಈಗಲೇ ಬಿಡಿಸಿಕೊಡಿ ಎಂದು ನಾನು ಬೇಡಿಕೊಂಡರೂ ನೇತ್ರವೈದ್ಯೆ ಎಳೆಯಲು ಒಪ್ಪಲಿಲ್ಲ, ಏಕೆಂದರೆ ಬಲವಂತ ಮಾಡಿದರೆ ಚರ್ಮ ಕಿತ್ತುಬರಬಹುದು, ಬಿಟ್ಟರೆ ಕೆಲವೇ ದಿನಗಳಲ್ಲಿ ಅಂಟು ತಾನಾಗಿ ಸಡಿಲಗೊಳ್ಳುತ್ತದೆ. ಬೆಚ್ಚನೆಯ ಒದ್ದೆ ಪಟ್ಟಿಯನ್ನು ಬಹಳ ಹೊತ್ತು ಇರಿಸಿ, ಅಂಟು ಮೆತ್ತಿದ್ದ ಕೆಲವು ರೆಪ್ಪೆಗೂದಲುಗಳನ್ನು ಕತ್ತರಿಸಿದಾಗ ಕಣ್ಣಿನ ಮೂಲೆ ತುಸು ತೆರೆದುಕೊಂಡಿತು. ಆ ಸಂದಿನಲ್ಲೇ ಫ್ಲೋರೆಸೀನ್ ಬಣ್ಣದ ಹನಿ ಹಾಕಿ ನೀಲಿ ಬೆಳಕು ಹಿಡಿದರು. ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲೆ ಗೀರಿದ್ದರೆ ಅದು ಹಸಿರಾಗಿ ಹೊಳೆಯುತ್ತದೆ. ಮಗಳಿಗೆ ಸಣ್ಣ ಗೀರೊಂದು ಕಂಡಿತು. ಸೋಂಕು ತಗುಲದಂತೆ ಆಂಟಿಬಯಾಟಿಕ್ ಮುಲಾಮು ಬರೆದುಕೊಟ್ಟು, ಮರುದಿನ ಮತ್ತೆ ಬರಲು ಹೇಳಿದರು. ಇದೆಲ್ಲ ನಡೆಯುವಾಗ ಅವರು ಪ್ರತಿ ಹಂತವನ್ನೂ ಮೊದಲು ಮಗುವಿಗೆ ವಿವರಿಸುತ್ತಿದ್ದರು, ಅವಳು ಅಳು ನಿಲ್ಲಿಸಿದ್ದು ಅದರಿಂದಲೇ ಎಂದು ನನ್ನ ನಂಬಿಕೆ.

ಅವಳ ಬೆರಳಿಗೆ ಹತ್ತಿದ್ದ ಹಸಿ ಅಂಟನ್ನು ನಾನು ಮನೆಯಲ್ಲಿ ಹತ್ತಿಯಿಂದ ಒರೆಸಿದ್ದೆ. ಅದನ್ನು ಕೇಳಿದ ನರ್ಸ್ ಬೆರಳನ್ನು ಕೂಡಲೇ ಪರೀಕ್ಷಿಸಿದರು: ಈ ಅಂಟು ಹತ್ತಿಯೊಡನೆ ಸೇರಿದರೆ ಸುಟ್ಟಗಾಯವಾಗುವಷ್ಟು ಬಿಸಿ ಹುಟ್ಟಬಹುದಂತೆ. ಬೆರಳುಗಳನ್ನು ಬಿಡಿಸಲು ಸಾಬೂನಿನ ಬೆಚ್ಚನೆಯ ನೀರು ಸಾಕು. ಉಗುರುಬಣ್ಣ ತೆಗೆಯುವ ಅಸಿಟೋನನ್ನಂತೂ ಕಣ್ಣಿನ ಹತ್ತಿರಕ್ಕೂ ತರಬಾರದೆಂದು ಅವರು ಎರಡು ಬಾರಿ ಹೇಳಿದರು. ಇಷ್ಟು ಮುಖ್ಯವಾದ ಸೂಚನೆಗಳನ್ನು ಬರೆದು ಕೊಡದಿದ್ದುದು ಮಾತ್ರ ಕೊರತೆ; ಗಾಬರಿಯಲ್ಲಿದ್ದ ನಾನು ಮುಲಾಮನ್ನು ದಿನಕ್ಕೆ ಎಷ್ಟು ಬಾರಿ ಹಚ್ಚಬೇಕೆಂದು ಕೇಳಲು ರಾತ್ರಿ ಫೋನು ಮಾಡಬೇಕಾಯಿತು.

ಮೂರನೆಯ ದಿನ ಬೆಳಿಗ್ಗೆ ಮುಖ ತೊಳೆಯುವಾಗ ರೆಪ್ಪೆಗಳು ತಾವಾಗಿಯೇ ಬಿಟ್ಟುಕೊಂಡವು, ಮತ್ತೊಮ್ಮೆ ಬಣ್ಣ ಹಾಕಿ ನೋಡಿದಾಗ ಗೀರು ಪೂರ್ತಿ ಮಾಯ್ದಿತ್ತು.