ಸೇಜ್‌ಮ್ಯಾಥ್‌ನಲ್ಲಿ ಸಿಂಪ್ಲೆಕ್ಟಿಕ್ ಜ್ಯಾಮಿತಿ: ಹಲವು ವರ್ಷ ಬಳಸಿದ ಮೇಲೆ

ಸಿಂಪ್ಲೆಕ್ಟಿಕ್ ಮ್ಯಾನಿಫೋಲ್ಡ್‌ಗಳನ್ನೂ (ವಿಸ್ತೀರ್ಣ ಅಳೆಯುವಂಥ ‘ಸಿಂಪ್ಲೆಕ್ಟಿಕ್ ಫಾರ್ಮ್’ ಹೊತ್ತ, ಬಾಗಿದ ಮೇಲ್ಮೈಯಂಥ ಅವಕಾಶಗಳು) ಅವುಗಳ ಸಮ್ಮಿತಿಗಳನ್ನೂ ಕಲಿಯುತ್ತಿರುವವರಿಗೆ ಸೇಜ್‌ಮ್ಯಾಥ್‌ನ ಮ್ಯಾನಿಫೋಲ್ಡ್ ವಿಭಾಗವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಸೇಜ್‌ಮ್ಯಾಥ್ (ಚಿಕ್ಕದಾಗಿ ಸೇಜ್) ಗಣಿತದ ಲೆಕ್ಕಗಳಿಗಾಗಿ ಇರುವ ಉಚಿತ, ಮುಕ್ತ ತಂತ್ರಾಂಶ. ಪೈಥಾನ್ ಬಲ್ಲವರು ಬೇಗ ಒಗ್ಗಿಕೊಳ್ಳುತ್ತಾರೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಚಿಹ್ನೆಗಳ ವಿಷಯದಲ್ಲಿ. ಒಂದು ಫಲನದಿಂದ ಹುಟ್ಟುವ ಹರಿವಿನ ದಿಕ್ಕನ್ನು ಪ್ರತಿ ಬಿಂದುವಿನಲ್ಲೂ ಹೇಳುವ ಹ್ಯಾಮಿಲ್ಟೋನಿಯನ್ ವೆಕ್ಟರ್ ಫೀಲ್ಡ್‌ನ ವ್ಯಾಖ್ಯೆಯಲ್ಲಿ ಪ್ಲಸ್, ಮೈನಸ್ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇರುತ್ತದೆ. ಸೇಜ್ ಒಂದೇ ನಿಯಮ ಹಿಡಿದಿದೆ: ಆ ಫೀಲ್ಡನ್ನು ಸಿಂಪ್ಲೆಕ್ಟಿಕ್ ಫಾರ್ಮ್‌ನ ಮೊದಲ ಸ್ಥಾನದಲ್ಲಿಟ್ಟಾಗ ಸಿಗುವ ಒನ್-ಫಾರ್ಮ್‌ಗೆ (ವೆಕ್ಟರ್ ಕೊಟ್ಟರೆ ಸಂಖ್ಯೆ ಕೊಡುವ ವಸ್ತು) ಆ ಫಲನದ ಡಿಫರೆನ್ಷಿಯಲ್ ಕೂಡಿಸಿದರೆ ಸೊನ್ನೆ ಬರಬೇಕು. ಗೋಳದ ಉದಾಹರಣೆ ನೋಡಿ. ಸೈನ್ ಥೀಟಾ ಡಿ-ಥೀಟಾ ವೆಡ್ಜ್ ಡಿ-ಫೈ ಎಂಬ ವಿಸ್ತೀರ್ಣ ಫಾರ್ಮ್ (ಥೀಟಾ ಉತ್ತರ ಧ್ರುವದಿಂದ ಅಳೆದ ಕೋನ, ಫೈ ಅಕ್ಷದ ಸುತ್ತಲಿನ ಕೋನ) ಕೊಟ್ಟರೆ, ಲಂಬಾಕ್ಷದ ಸುತ್ತಲಿನ ತಿರುಗುವಿಕೆಯ ಮೊಮೆಂಟ್ ಮ್ಯಾಪ್ (ಆ ತಿರುಗುವಿಕೆಯನ್ನು ಹುಟ್ಟಿಸುವ ಫಲನ) ಈ ನಿಯಮದಲ್ಲಿ ಎತ್ತರವಲ್ಲ, ಮೈನಸ್ ಎತ್ತರ. ಕಾಗದದ ಮೇಲೆ ಇಂಥದ್ದು ಎಷ್ಟು ಸುಲಭವಾಗಿ ಕಣ್ತಪ್ಪುತ್ತದೆ ಎಂಬುದು ಈ ಕ್ಷೇತ್ರದವರಿಗೆಲ್ಲ ಗೊತ್ತು. ಒಂದು ಫೀಲ್ಡ್ ನಿಜಕ್ಕೂ ಸಮ್ಮಿತಿಯೇ ಎಂದು ನೋಡಲು ಫಾರ್ಮ್‌ನ ಲೀ ಡೆರಿವೇಟಿವ್ (ಫೀಲ್ಡ್‌ನ ಹರಿವಿನುದ್ದಕ್ಕೂ ಆಗುವ ಬದಲಾವಣೆ) ಸೊನ್ನೆಯೇ ಎಂದು ಕೇಳಿದರಾಯಿತು; ಎರಡು ಫಲನಗಳ ಪ್ವಾಸೋಂ ಬ್ರಾಕೆಟ್ಟೂ (ಒಂದರ ಹರಿವಿನಲ್ಲಿ ಇನ್ನೊಂದು ಬದಲಾಗುವ ದರ) ಒಂದೇ ಸಾಲಿನ ಕೆಲಸ.

ಚಾರ್ಟ್‌ಗಳ, ಅಂದರೆ ಮ್ಯಾನಿಫೋಲ್ಡ್‌ನ ಭಾಗಗಳಿಗೆ ಹಾಕುವ ನಿರ್ದೇಶಾಂಕಗಳ ವಿಷಯದಲ್ಲಿ ಇದು ಕಟ್ಟುನಿಟ್ಟು, ಅದು ನನಗಿಷ್ಟ. ಥೀಟಾ-ಫೈ ಚಾರ್ಟ್ ಧ್ರುವಗಳನ್ನು ಮುಟ್ಟುವುದಿಲ್ಲ. ಇಡೀ ಗೋಳವನ್ನು ನಾವೇ ಕಟ್ಟುವುದಾದರೆ ಎರಡು ಸ್ಟೀರಿಯೋಗ್ರಾಫಿಕ್ ಚಾರ್ಟ್‌ಗಳನ್ನೂ (ಒಂದೊಂದು ಧ್ರುವದಿಂದ ಗೋಳವನ್ನು ಸಮತಲದ ಮೇಲೆ ಚಾಚಿದವು) ಅವುಗಳ ನಡುವಿನ ಪರಿವರ್ತನೆಯನ್ನೂ ಘೋಷಿಸಬೇಕು. ಬೇಸರದ ಕೆಲಸವೆನಿಸಬಹುದು, ಆದರೆ ಮ್ಯಾನಿಫೋಲ್ಡ್ ಎಂದರೇನೆಂದು ಕೈಗೆ ಅಭ್ಯಾಸವಾಗುವುದು ಹೀಗೆಯೇ.

ನಿಧಾನವೆನ್ನುವುದು ನಿಜ. ಆಯಾಮ ಏರಿದಂತೆ ಬೀಜೋಕ್ತಿಗಳು ಉದ್ದವಾಗಿ ಸರಳೀಕರಣ ತಡವಾಗುತ್ತದೆ. ಒಂದು ಉಕ್ತಿ ಸೊನ್ನೆಯೋ ಅಲ್ಲವೋ ಎಂದು ಎಲ್ಲ ಸಂದರ್ಭದಲ್ಲೂ ನಿರ್ಧರಿಸುವ ಕ್ರಮವಿಧಿ ಇರಲಾರದು ಎಂದು ಗಣಿತಜ್ಞ ರಿಚರ್ಡ್‌ಸನ್ 1968ರಲ್ಲೇ ತೋರಿಸಿದ್ದರಿಂದ ತಂತ್ರಾಂಶವನ್ನು ಬೈದು ಫಲವಿಲ್ಲ. ಉತ್ತರ ಅನುಮಾನ ಹುಟ್ಟಿಸಿದರೆ ಸಿಂಪೈ ಎಂಬ ಇನ್ನೊಂದು ಬೀಜಗಣಿತ ಎಂಜಿನ್‌ಗೆ ಬದಲಿಸಿ ನೋಡಿ, ಕೆಲವು ಬಿಂದುಗಳಲ್ಲಿ ಬೆಲೆ ಹಾಕಿ ನೋಡಿ.

ಮುಖ್ಯವಾದ ಮಿತಿ ವಿಷಯದ ಸ್ವಭಾವದಲ್ಲೇ ಇದೆ. ಡಾರ್ಬು ಪ್ರಮೇಯದ ಪ್ರಕಾರ ಒಂದೇ ಆಯಾಮದ ಸಿಂಪ್ಲೆಕ್ಟಿಕ್ ಮ್ಯಾನಿಫೋಲ್ಡ್‌ಗಳೆಲ್ಲ ಸ್ಥಳೀಯವಾಗಿ ಒಂದೇ ರೀತಿ. ಹಾಗಾಗಿ ಗ್ರೊಮೋವ್ 1985ರಲ್ಲಿ ಸಾಧಿಸಿದ ನಾನ್-ಸ್ಕ್ವೀಝಿಂಗ್‌ನಂಥ (ಸಿಂಪ್ಲೆಕ್ಟಿಕ್ ಫಾರ್ಮ್ ಕೆಡಿಸದೆ ದೊಡ್ಡ ಚೆಂಡನ್ನು ಸಣ್ಣ ತ್ರಿಜ್ಯದ ಕೊಳವೆಗೆ ತುರುಕಲಾಗದೆಂಬ) ಜಾಗತಿಕ ಸತ್ಯಗಳು ಚಾರ್ಟ್ ಲೆಕ್ಕದಿಂದ ಹೊರಬರುವುದಿಲ್ಲ. ನಾಲ್ಕು ಆಯಾಮದ ಗೋಳದ ಮೇಲೆ ಸಿಂಪ್ಲೆಕ್ಟಿಕ್ ಫಾರ್ಮ್ ಏಕಿರದು ಎಂಬುದಕ್ಕೆ ಕೊಹೊಮಾಲಜಿಯನ್ನೇ (ಅವಕಾಶದ ಒಟ್ಟು ಆಕಾರವನ್ನು ಬೀಜಗಣಿತದಿಂದ ಅಳೆಯುವ ವಿದ್ಯೆ) ಓದಬೇಕು.

ಟೋರಿಕ್ ಮ್ಯಾನಿಫೋಲ್ಡ್‌ಗಳಲ್ಲಿ (ಆಯಾಮದ ಅರ್ಧದಷ್ಟು ಸ್ವತಂತ್ರ ತಿರುಗುವಿಕೆಗಳ ಸಮ್ಮಿತಿ ಇರುವಂಥವು) ಮಾತ್ರ ಸೇಜ್‌ನ ಇನ್ನೊಂದು ವಿಭಾಗ ನೆರವಿಗೆ ಬರುತ್ತದೆ. ಡೆಲ್ಝಾನ್ 1988ರಲ್ಲಿ ತೋರಿಸಿದಂತೆ, ಸಾಂದ್ರ (ಕಾಂಪ್ಯಾಕ್ಟ್) ಟೋರಿಕ್ ಮ್ಯಾನಿಫೋಲ್ಡ್‌ನ ಪೂರ್ತಿ ಗುರುತು ಅದರ ಮೊಮೆಂಟ್ ಪಾಲಿಟೋಪ್‌ನಲ್ಲೇ (ಮೊಮೆಂಟ್ ಮ್ಯಾಪ್‌ನ ಬೆಲೆಗಳು ತುಂಬುವ ಬಹುಮುಖಿ) ಅಡಗಿದೆ. ಪಾಲಿಹೀಡ್ರನ್ ವಿಭಾಗದಲ್ಲಿ ಅದನ್ನು ಕಟ್ಟಿ, ಡೆಲ್ಝಾನ್‌ರ ಷರತ್ತಿನಂತೆ ಪ್ರತಿ ಶೃಂಗದಲ್ಲೂ ಅಂಚುಗಳ ಕನಿಷ್ಠ ಪೂರ್ಣಾಂಕ ವೆಕ್ಟರ್‌ಗಳ ಡಿಟರ್ಮಿನೆಂಟ್ ಪ್ಲಸ್ ಒಂದೋ ಮೈನಸ್ ಒಂದೋ ಆಗಿದೆಯೇ ಎಂದು ಪರೀಕ್ಷಿಸಬಹುದು. ಹೊಸದಾಗಿ ಆರಂಭಿಸುವವರು ಈ ಪರೀಕ್ಷೆ ಪಾಸಾಗುವ ತ್ರಿಕೋನದಿಂದ ಶುರುಮಾಡಿ. ಅದು ಸಂಕೀರ್ಣ ಪ್ರಕ್ಷೇಪ ಸಮತಲದ ಪಾಲಿಟೋಪ್. ಆಮೇಲೆ ಅದರ ಒಂದು ಮೂಲೆ ಕತ್ತರಿಸಿ ಬ್ಲೋ-ಅಪ್ (ಒಂದು ಬಿಂದುವಿನ ಜಾಗದಲ್ಲಿ ಗೋಳ ಕೂಡಿಸುವ ಕ್ರಿಯೆ) ಏನಾಗುತ್ತದೆಂದು ನೋಡಿ.